ಮಲಕ್: ಒಂದು ಪದದ ವ್ಯಾಕರಣ, ಒಂದು ವಿಶ್ವಾಸದ ಚರಿತ್ರೆ

1. ಪ್ರವೇಶ

ಇಸ್ಲಾಮಿನ ವಿಶ್ವಾಸದ ಅಂಗಗಳನ್ನು ಕುರ್‌ಆನ್ ಎಣಿಸುವಲ್ಲೆಲ್ಲ (2:177, 2:285, 4:136) ಮಲಕ್‌ಗಳಿಗೆ ಸ್ಥಾನವಿದೆ. ಅಲ್ಲಾಹ, ಅವನ ಗ್ರಂಥಗಳು, ಪ್ರವಾದಿಗಳು, ಅಂತ್ಯದಿನ ಇವುಗಳ ಜೊತೆಯಲ್ಲೇ ಅವರ ಹೆಸರೂ ಬರುತ್ತದೆ. ಅವರ ಕಾರ್ಯಗಳ ವಿಷಯದಲ್ಲಿ ಸಂಪ್ರದಾಯದಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಅವರು ದಿವ್ಯವಾಣಿಯನ್ನು ಪ್ರವಾದಿಗೆ ತಲುಪಿಸುತ್ತಾರೆ (2:97). ಮನುಷ್ಯನ ನಡೆನುಡಿಗಳನ್ನು ದಾಖಲಿಸುತ್ತಾರೆ (82:10–12). ಮರಣಕಾಲದಲ್ಲಿ ಪ್ರಾಣವನ್ನು ವಶಪಡಿಸಿಕೊಳ್ಳುತ್ತಾರೆ (32:11). ದಿವ್ಯಸಿಂಹಾಸನವನ್ನು ಹೊರುತ್ತಾರೆ (40:7, 69:17). ನರಕವನ್ನು ಕಾಯುತ್ತಾರೆ (66:6). ಅವರನ್ನು ಬೆಳಕಿನಿಂದ ಸೃಷ್ಟಿಸಲಾಗಿದೆ ಎಂಬ ಪ್ರವಾದಿವಚನವು ಮುಸ್ಲಿಮರ ಹದೀಸ್ ಸಂಕಲನದಲ್ಲಿ ಆಯಿಶಾ ಅವರ ಮೂಲಕ ದಾಖಲಾಗಿದೆ.

ವಿವಾದಗಳು ಎದ್ದದ್ದು ಬೇರೆಡೆ. ಮಲಕ್‌ಗಳಿಗೆ ಲಿಂಗವುಂಟೇ? ಅವರು ಪಾಪ ಮಾಡಬಲ್ಲರೇ? ಇಬ್ಲೀಸನು ಅವರಲ್ಲಿ ಒಬ್ಬನಾಗಿದ್ದನೇ? ಕ್ರಿ.ಶ. 8ರಿಂದ 10ನೆಯ ಶತಮಾನದವರೆಗೆ ಬಸ್ರಾ, ಕೂಫಾ, ಬಗ್ದಾದ್ ನಗರಗಳಲ್ಲಿ ಈ ಪ್ರಶ್ನೆಗಳು ಬಹುಮಟ್ಟಿಗೆ ವ್ಯಾಕರಣದ ಪ್ರಶ್ನೆಗಳಾಗಿಯೇ ಚರ್ಚೆಗೆ ಬಂದವು. ಧಾತು ಯಾವುದು, ಸ್ವರ ಯಾವುದು, ಕ್ರಿಯಾಪದದ ಲಿಂಗ ಯಾವುದು, ವರ್ಜನಾರ್ಥಕ ಅವ್ಯಯದ ಅನ್ವಯ ಹೇಗೆ ಎಂಬ ವಿಚಾರಗಳ ಮೂಲಕವೇ ವಿಶ್ವಾಸದ ಅಂಚುಗಳು ನಿಶ್ಚಿತವಾದವು.

ಈ ಚರಿತ್ರೆಯಲ್ಲಿ ಭಾಷಾವಿಜ್ಞಾನಿಗಳಿಗೆ ಆಸಕ್ತಿಕರವಾದ ಸಂಗತಿಯೊಂದಿದೆ. ಪದದ ರೂಪದಿಂದ, ಅದರ ವ್ಯುತ್ಪತ್ತಿಯಿಂದ ಅಥವಾ ಅದರ ವ್ಯಾಕರಣಲಿಂಗದಿಂದ, ಆ ಪದವನ್ನು ಬಳಸುವವರ ನಂಬಿಕೆಯನ್ನು ನೇರವಾಗಿ ಓದಿಬಿಡುವ ಪ್ರವೃತ್ತಿ ಇಂದಿಗೂ ಉಳಿದಿದೆ. ಅಂಥ ವಾದದ ಪ್ರಲೋಭನೆಯನ್ನು ಅರಬ್ಬೀ ವೈಯಾಕರಣರು ಸ್ವತಃ ಎದುರಿಸಿದರು, ಪರೀಕ್ಷಿಸಿದರು. ಅವರಲ್ಲಿ ಕೆಲವರು ಅದನ್ನು ಸ್ಪಷ್ಟ ಕಾರಣಗಳೊಡನೆ ತಿರಸ್ಕರಿಸಿದರು. ಪ್ರಸ್ತುತ ಲೇಖನವು ಆ ಪರೀಕ್ಷೆಯ ಕೆಲವು ಘಟ್ಟಗಳನ್ನು ಗುರುತಿಸಿ, ಪದವು ಅನ್ಯಭಾಷೆಗಳನ್ನು ಪ್ರವೇಶಿಸಿದಾಗ ಅದೇ ಪ್ರಶ್ನೆ ಪಡೆದ ಹೊಸ ರೂಪಗಳನ್ನು ಪರಿಶೀಲಿಸುತ್ತದೆ.

2. ಧಾತುವಿನ ಪ್ರಶ್ನೆ

ಅರಬ್ಬಿಯಲ್ಲಿ ಏಕವಚನ ‘ಮಲಕ್’, ಬಹುವಚನ ‘ಮಲಾಇಕ’. ಏಕವಚನದಲ್ಲಿ ಕಾಣದ ಹಂಝಾ, ಎಂದರೆ ಗಂಟಲಿನ ಸ್ಪರ್ಶಧ್ವನಿ, ಬಹುವಚನದಲ್ಲಿ ಹಠಾತ್ತನೆ ಗೋಚರಿಸುತ್ತದೆ. ಅದು ಎಲ್ಲಿಂದ ಬಂತು ಎಂಬುದು ವೈಯಾಕರಣರಿಗೆ ಮೊದಲಿನಿಂದಲೂ ಸಮಸ್ಯೆಯಾಗಿತ್ತು. ‘ಮಲ್‌ಅಕ್’ ಎಂಬ ಹಂಝಾಸಹಿತ ಏಕವಚನವು ಹಳೆಯ ಪದ್ಯವೊಂದರಲ್ಲಿ ಉಳಿದಿದ್ದು, ನಿಘಂಟುಕಾರರು ಅದನ್ನು ಆಧಾರವಾಗಿ ಕೊಡುತ್ತಾರೆ. ಆದುದರಿಂದ ‘ಮಲಕ್’ ಎಂಬುದು ಹಂಝಾಲೋಪದಿಂದ ಸಿದ್ಧವಾದ ರೂಪ ಎಂಬ ಅಭಿಪ್ರಾಯ ಬಹುಜನಮಾನ್ಯವಾಯಿತು.

ಮೂಲಧಾತುವಿನ ಬಗ್ಗೆ ಮಾತ್ರ ಮೂರು ಪಕ್ಷಗಳು ನಿಂತವು. ‘ಸಂದೇಶ’ ಎಂಬ ಅರ್ಥದ ‘ಅಲೂಕ’ ಪದವನ್ನು ಆಧರಿಸಿ, ಧಾತುವು ಹಂಝಾ–ಲ–ಕ ಎಂದೂ, ‘ಮಅ್‌ಲಕ್’ ಎಂಬುದು ವರ್ಣವ್ಯತ್ಯಯದಿಂದ ‘ಮಲ್‌ಅಕ್’ ಆಯಿತೆಂದೂ ಒಂದು ಪಕ್ಷ ಹೇಳಿತು. ವರ್ಣವ್ಯತ್ಯಯದ ಅಗತ್ಯವೇ ಇಲ್ಲ, ‘ಕಳುಹಿಸು’ ಎಂಬ ಅರ್ಥದ ಲ–ಹಂಝಾ–ಕ ಧಾತುವೇ ಮೂಲ ಎಂಬುದು ಎರಡನೆಯ ಪಕ್ಷ. ಇದನ್ನು ಅಬೂ ಉಬೈದಾ ಅವರ ಹೆಸರಿನಲ್ಲಿ ಉಲ್ಲೇಖಿಸುತ್ತಾರೆ. ಮೂರನೆಯದು ಇಬ್ನ್ ಕೈಸಾನ್ ಅವರದೆಂದು ಹೇಳಲಾಗುವ ಪಕ್ಷ. ಅದರ ಪ್ರಕಾರ ಧಾತು ಮ–ಲ–ಕ, ಎಂದರೆ ಒಡೆತನ, ಅಧಿಕಾರ. ಹಂಝಾ ಕೇವಲ ಆಗಮ. ಮೊದಲೆರಡು ಪಕ್ಷಗಳಲ್ಲಿ ಮಲಕ್ ಎಂದರೆ ದೂತ. ಮೂರನೆಯದರಲ್ಲಿ ಅಧಿಕಾರ ಪಡೆದವನು.

ತೌಲನಿಕ ಸೆಮಿಟಿಕ್ ಅಧ್ಯಯನವು ಎರಡನೆಯ ಪಕ್ಷದ ಧಾತುನಿರ್ಣಯವನ್ನು ಸಮರ್ಥಿಸುತ್ತದೆ. ಯುಗಾರಿಟಿಕ್ ಭಾಷೆಯಲ್ಲಿ ಈ ಧಾತು ‘ಕಳುಹಿಸು’ ಎಂಬ ಕ್ರಿಯೆಯಾಗಿ ಬಳಕೆಯಲ್ಲಿತ್ತು. ಹೀಬ್ರೂವಿನಲ್ಲಿ ಕ್ರಿಯಾಪದ ಕಾಣೆಯಾಗಿ ‘ಮಲ್‌ಆಖ್’ ಎಂಬ ನಾಮಪದ ಉಳಿಯಿತು. ಇಥಿಯೋಪಿಯದ ಗೀಝ್ ಭಾಷೆಯಲ್ಲಿ ಕ್ರಿಯೆ, ನಾಮ ಎರಡೂ ಜೀವಂತವಾಗಿದ್ದವು. ಅರಬ್ಬೀ ಬಹುವಚನದ ‘ಮಲಾಇಕ’ ರೂಪವು ಗೀಝ್ ಬಹುವಚನಕ್ಕೆ ಅತಿ ಸಮೀಪವಾಗಿರುವುದರಿಂದ, ಪದವು ಕೆಂಪು ಸಮುದ್ರದ ಆಚೆಯಿಂದ ಬಂದಿರಬೇಕೆಂಬ ಅಭಿಪ್ರಾಯ ಯುರೋಪಿನ ವಿದ್ವಾಂಸರಲ್ಲಿ ಬೆಳೆಯಿತು. ಆರ್ಥರ್ ಜೆಫ್ರಿ ಅವರು 1938ರಲ್ಲಿ ಬರೋಡಾದಿಂದ ಪ್ರಕಟವಾದ ತಮ್ಮ ಕುರ್‌ಆನಿನ ಅನ್ಯಭಾಷಾಪದಗಳ ಕೋಶದಲ್ಲಿ ಈ ಚರ್ಚೆಯನ್ನು ಸಂಗ್ರಹಿಸಿದ್ದಾರೆ.

ಹೀಬ್ರೂವಿನ ‘ಮಲ್‌ಆಖ್’ ಮನುಷ್ಯದೂತನಿಗೂ ಸ್ವರ್ಗೀಯ ದೂತನಿಗೂ ಸಮಾನವಾಗಿ ಅನ್ವಯಿಸುತ್ತದೆ. ಗ್ರೀಕಿನ ‘ಆಂಗೆಲೋಸ್’ ಪದವೂ ಹಾಗೆಯೇ. ಬೈಬಲಿನ ಲ್ಯಾಟಿನ್ ಅನುವಾದವು ಮನುಷ್ಯದೂತನಿಗೆ ‘ನುಂತಿಯುಸ್’ ಎಂದೂ ಸ್ವರ್ಗೀಯ ದೂತನಿಗೆ ‘ಆಂಜೆಲುಸ್’ ಎಂದೂ ಬೇರೆ ಪದಗಳನ್ನು ಇಟ್ಟಿತು. ಅರಬ್ಬಿಯಲ್ಲಿ ನಡೆದದ್ದು ಅರ್ಥಸಂಕೋಚ: ‘ಮಲಕ್’ ಎಂಬುದು ಸ್ವರ್ಗೀಯ ಜೀವಿಗೆ ಮೀಸಲಾಯಿತು, ದೂತತ್ವವನ್ನು ಹೇಳುವ ಹೊಣೆ ‘ರಸೂಲ್’ ಎಂಬ ಇನ್ನೊಂದು ಪದಕ್ಕೆ ವರ್ಗವಾಯಿತು. ಅದಕ್ಕಾಗಿಯೇ ಕುರ್‌ಆನ್ ಮಲಕ್‌ಗಳನ್ನು ದೂತರನ್ನಾಗಿ ನಿಯೋಜಿಸಿದ ಮಾತನ್ನು ಬೇರೆಯಾಗಿ ಹೇಳುತ್ತದೆ (35:1). ಮಲಕ್‌ಗಳಿಂದಲೂ ಮನುಷ್ಯರಿಂದಲೂ ದೂತರನ್ನು ಆರಿಸಿಕೊಳ್ಳಲಾಗುತ್ತದೆ ಎಂದು ವಿವರಿಸುತ್ತದೆ (22:75). ‘ಮಲಕ್’ ಪದದಲ್ಲಿ ‘ದೂತ’ ಎಂಬ ಅರ್ಥ ಶ್ರೋತೃವಿಗೆ ಪಾರದರ್ಶಕವಾಗಿ ಉಳಿದಿದ್ದರೆ ಈ ವಾಕ್ಯಗಳು ಪುನರುಕ್ತಿಗಳಾಗುತ್ತಿದ್ದವು. ಮಲಕ್‌ಗಳ ಬಹುಪಾಲು ಕಾರ್ಯಗಳಲ್ಲಿ, ಬರೆಯುವುದರಲ್ಲಿ, ಕಾಯುವುದರಲ್ಲಿ, ಹೊರುವುದರಲ್ಲಿ, ಸಂದೇಶವೇ ಇಲ್ಲವೆಂಬುದನ್ನೂ ಗಮನಿಸಬೇಕು. ವ್ಯುತ್ಪತ್ತಿಯು ಪದದ ಹಿಂದಿನ ಜೀವನವನ್ನು ಹೇಳಬಲ್ಲದು. ವಿಶ್ವಾಸದಲ್ಲಿ ಆ ಪದಕ್ಕಿರುವ ಸ್ಥಾನವನ್ನು ಹೇಳಲಾರದು.

3. ಒಂದು ಸ್ವರದ ಅಂತರ

‘ಮಲಕ್’ ಎಂದರೆ ದೇವಚರ, ‘ಮಲಿಕ್’ ಎಂದರೆ ಅರಸ. ಸ್ವರಚಿಹ್ನೆಗಳಿಲ್ಲದ ಬರಹದಲ್ಲಿ ಎರಡೂ ಒಂದೇ. ಬಾಬಿಲ್ ನಗರದಲ್ಲಿ ಹಾರೂತ್, ಮಾರೂತ್ ಎಂಬಿಬ್ಬರು ಮಾಟವಿದ್ಯೆಗೆ ಸಂಬಂಧಿಸಿ ಕಾಣಿಸಿಕೊಳ್ಳುವ 2:102ನೆಯ ವಚನದಲ್ಲಿ ಈ ಅಂತರವೇ ನಿರ್ಣಾಯಕವಾಯಿತು. ಪ್ರಸಿದ್ಧ ಪಾಠ ‘ಮಲಕೈನ್’, ಇಬ್ಬರು ಮಲಕ್‌ಗಳು. ಹಸನ್ ಅಲ್-ಬಸ್ರೀ ಮೊದಲಾದವರ ಹೆಸರಿನಲ್ಲಿ ಬಂದಿರುವ ಪಾಠ ‘ಮಲಿಕೈನ್’, ಇಬ್ಬರು ಅರಸರು. ಆಜ್ಞೆಯನ್ನು ಮೀರದವರು ಎಂದು ಕುರ್‌ಆನ್ ವರ್ಣಿಸುವ ಜೀವಿಗಳು (66:6) ಮಾಟವನ್ನು ಕಲಿಸುವುದು ಹೇಗೆ ಎಂಬ ಆಕ್ಷೇಪಕ್ಕೆ ಈ ಸ್ವರಭೇದವು ಉತ್ತರ ಒದಗಿಸುತ್ತಿತ್ತು.

ಇನ್ನೊಂದು ಪರಿಹಾರ ಅನ್ವಯದ್ದು. ಅದೇ ವಚನದ ‘ಮಾ’ ಎಂಬ ಅಕ್ಷರವನ್ನು ಸಂಬಂಧಾರ್ಥಕ ಸರ್ವನಾಮವೆಂದು ಹಿಡಿದರೆ, ಇಬ್ಬರ ಮೇಲೆ ಏನೋ ಇಳಿಸಲ್ಪಟ್ಟಿತ್ತು ಎಂದಾಗುತ್ತದೆ. ನಿಷೇಧಾರ್ಥಕವೆಂದು ಹಿಡಿದರೆ, ಏನೂ ಇಳಿದಿರಲಿಲ್ಲ ಎಂದಾಗುತ್ತದೆ. ಕ್ರಿ.ಶ. 923ರಲ್ಲಿ ತೀರಿಕೊಂಡ ವ್ಯಾಖ್ಯಾನಕಾರ ತಬರೀ ಎರಡು ಪರಿಹಾರಗಳನ್ನೂ ಪರಿಶೀಲಿಸಿ, ಎರಡನ್ನೂ ಒಪ್ಪಲಿಲ್ಲ. ಪಾಠಕರ ಸಮ್ಮತಿ ‘ಮಲಕೈನ್’ ಎಂಬುದರ ಕಡೆಗಿದೆ, ‘ಮಾ’ ಎಂಬುದು ಸಂಬಂಧಾರ್ಥಕವೇ ಎಂಬುದು ಅವರ ನಿರ್ಣಯ. ಸಿದ್ಧಾಂತಕ್ಕೆ ಅನುಕೂಲವಾದ ಪಾಠ ಕೈಗೆಟಕುವಂತಿದ್ದರೂ ಪರಂಪರಾಗತ ಪಾಠವನ್ನೇ ಅವರು ಉಳಿಸಿಕೊಂಡರು. ಇಳಿದದ್ದು ಮನುಷ್ಯರ ಪರೀಕ್ಷೆಗಾಗಿ ಎಂದು ವ್ಯಾಖ್ಯಾನದಲ್ಲಿ ಸಮಾಧಾನ ಹುಡುಕಿದರು.

4. ಲಿಂಗದ ವಿವಾದ

ಇಸ್ಲಾಂಪೂರ್ವ ಅರಬರಲ್ಲಿ ಮಲಕ್‌ಗಳನ್ನು ದೇವರ ಪುತ್ರಿಯರೆಂದು ನಂಬಿದವರಿದ್ದರು. ಕುರ್‌ಆನ್ ಆ ನಂಬಿಕೆಯನ್ನು ಅನೇಕ ಕಡೆ ಖಂಡಿಸುತ್ತದೆ (37:149–150, 43:19). ಪರಲೋಕವನ್ನು ನಂಬದವರು ಮಲಕ್‌ಗಳಿಗೆ ಹೆಣ್ಣು ಹೆಸರುಗಳನ್ನಿಡುತ್ತಾರೆ ಎಂಬ ಆಕ್ಷೇಪವೂ ಅಲ್ಲಿದೆ (53:27). ಹೆಸರಿಡುವುದೇ, ಎಂದರೆ ಭಾಷಾವ್ಯವಹಾರವೇ, ಇಲ್ಲಿ ಆರೋಪದ ವಿಷಯವಾಗಿದೆ.

ತೊಡಕೆಂದರೆ, ‘ಮಲಾಇಕ’ ಎಂಬ ಬಹುವಚನವೇ ಸ್ತ್ರೀಲಿಂಗಸೂಚಕ ಪ್ರತ್ಯಯದಿಂದ ಕೊನೆಗೊಳ್ಳುತ್ತದೆ. ಅರಬ್ಬಿಯ ನಿಯಮದಂತೆ, ಪದದ ಒಳರೂಪವೇ ಬದಲಾಗಿ ಸಿದ್ಧವಾಗುವ ಇಂಥ ‘ಭಗ್ನ’ ಬಹುವಚನಗಳು ಸ್ತ್ರೀಲಿಂಗ ಏಕವಚನ ಕ್ರಿಯಾಪದವನ್ನು ತೆಗೆದುಕೊಳ್ಳಬಹುದು. ಪುಲ್ಲಿಂಗ ಕ್ರಿಯಾಪದವನ್ನೂ ತೆಗೆದುಕೊಳ್ಳಬಹುದು. ಕುರ್‌ಆನಿನಲ್ಲಿ ಎರಡೂ ಇವೆ. ಮಲಕ್‌ಗಳು ಆದಮನಿಗೆ ಎರಗಿದರೆಂಬಲ್ಲಿ ಪುಲ್ಲಿಂಗ ಕ್ರಿಯೆ (15:30). ಮರ್ಯಮಳೊಡನೆ ಮಾತಾಡಿದರೆಂಬಲ್ಲಿ ಸ್ತ್ರೀಲಿಂಗ ಕ್ರಿಯೆ (3:42, 3:45).

ಝಕರಿಯ್ಯಾ ಅವರನ್ನು ಮಲಕ್‌ಗಳು ಕರೆದ ಪ್ರಸಂಗದಲ್ಲಿ (3:39) ಪಾಠಭೇದವೇ ಇದೆ. ಹೆಚ್ಚಿನ ಪಾಠಕರು ‘ನಾದತ್‌ಹು’ ಎಂದು ಸ್ತ್ರೀಲಿಂಗದಲ್ಲಿ ಓದಿದರು. ಕೂಫಾದ ಹಂಝಾ (ಮರಣ ಕ್ರಿ.ಶ. 773) ಮತ್ತು ಕಿಸಾಈ (ಮರಣ ಕ್ರಿ.ಶ. 805) ‘ನಾದಾಹು’ ಎಂದು ಪುಲ್ಲಿಂಗದಲ್ಲಿ ಓದಿದರು. ಚುಕ್ಕೆಗಳಿಲ್ಲದ ಹಳೆಯ ಲಿಪಿಯಲ್ಲಿ ಇವೆರಡರ ಅಸ್ಥಿರೂಪ ಒಂದೇ. 16:28, 16:32ರಲ್ಲಿ ಹಂಝಾ ಅವರ ಪಾಠ, 70:4ರಲ್ಲಿ ಕಿಸಾಈ ಅವರ ಪಾಠ ಇದೇ ಮಾದರಿಯವು. ಕೂಫಾದ ಈ ಒಲವಿನ ಮೂಲವನ್ನು ಪ್ರವಾದಿಯ ಸಂಗಾತಿ ಇಬ್ನ್ ಮಸ್ಊದ್ ಅವರವರೆಗೆ ಒಯ್ಯುತ್ತಾರೆ. ಮಲಕ್‌ಗಳಿಗೆ ಅವರು ಪುಲ್ಲಿಂಗವನ್ನೇ ಬಳಸುತ್ತಿದ್ದರೆಂಬ ವರದಿಯಿದೆ.

ಈ ಆಯ್ಕೆಗೆ ಕಾರಣವೇನು? ಕ್ರಿ.ಶ. 838ರಲ್ಲಿ ತೀರಿಕೊಂಡ ಅಬೂ ಉಬೈದ್ ಊಹಿಸಿದ ಕಾರಣ ಸೈದ್ಧಾಂತಿಕವಾದದ್ದು: ಮಲಕ್‌ಗಳು ದೇವರ ಪುತ್ರಿಯರೆಂದ ಬಹುದೇವಾರಾಧಕರಿಗೆ ವಿರುದ್ಧವಾಗಿ ಇಬ್ನ್ ಮಸ್ಊದ್ ಪುಲ್ಲಿಂಗವನ್ನು ಆರಿಸಿಕೊಂಡಿರಬೇಕು. ವಿಶ್ವಾಸವು ವ್ಯಾಕರಣವನ್ನು ತಿದ್ದಿತು ಎಂಬ ಈ ವಿವರಣೆ ಆಕರ್ಷಕವಾಗಿದೆ.

ಸುಮಾರು ಒಂದು ಶತಮಾನದ ಅನಂತರ ಈಜಿಪ್ಟಿನ ವೈಯಾಕರಣ ನಹ್ಹಾಸ್ (ಮರಣ ಕ್ರಿ.ಶ. 950) ಈ ವಾದವನ್ನು ನಿಷ್ಫಲವೆಂದು ತಳ್ಳಿಹಾಕಿದರು. ಅವರ ತರ್ಕದ ಸಾರ ಇಷ್ಟು: ಅರಬರು ಗಂಡಸರ ಗುಂಪಿಗೂ ಸ್ತ್ರೀಲಿಂಗ ಕ್ರಿಯೆಯನ್ನು ಬಳಸುತ್ತಾರೆ, ಪುಲ್ಲಿಂಗವನ್ನೂ ಬಳಸುತ್ತಾರೆ, ಹೆಂಗಸರ ಗುಂಪಿಗೂ ಹಾಗೆಯೇ. ಕ್ರಿಯಾಪದದ ಲಿಂಗವು ಮಲಕ್‌ಗಳ ಲಿಂಗಕ್ಕೆ ಪ್ರಮಾಣವಾಗುವುದಾದರೆ, 3:42ರ ಸ್ತ್ರೀಲಿಂಗ ಕ್ರಿಯೆಯನ್ನು ವಿರೋಧಿಗಳೂ ತಮಗೆ ಪ್ರಮಾಣವಾಗಿ ತೋರಿಸಬಹುದು. ಅವರಿಗೆ ನಿಜವಾದ ಉತ್ತರ ಕ್ರಿಯಾಪದದಲ್ಲಿಲ್ಲ. ಮಲಕ್‌ಗಳ ಸೃಷ್ಟಿಯನ್ನು ಅವರು ಕಣ್ಣಾರೆ ಕಂಡರೇ ಎಂದು 43:19 ಕೇಳುವ ಪ್ರಶ್ನೆಯಲ್ಲಿದೆ.

ಕುರ್‌ಆನಿನ ಇತರ ಪ್ರಯೋಗಗಳು ನಹ್ಹಾಸರ ಪಕ್ಷವನ್ನು ಬಲಪಡಿಸುತ್ತವೆ. 49:14ರಲ್ಲಿ ಮರುಭೂಮಿಯ ಅರಬರ ಮಾತಿಗೆ ಸ್ತ್ರೀಲಿಂಗ ಕ್ರಿಯೆಯಿದೆ. 12:30ರಲ್ಲಿ ನಗರದ ಹೆಂಗಸರ ಮಾತಿಗೆ ಪುಲ್ಲಿಂಗ ಕ್ರಿಯೆಯಿದೆ. ಕೂಫಾದ ಪಾಠಕರೂ 3:42 ಮತ್ತು 3:45ರ ಸ್ತ್ರೀಲಿಂಗವನ್ನು ಹಾಗೆಯೇ ಉಳಿಸಿಕೊಂಡರು. ಅಲ್ಲಿ ಲಿಪಿಯ ಅಸ್ಥಿರೂಪ ಬೇರೆ ಪಾಠಕ್ಕೆ ಅವಕಾಶ ಕೊಡುವುದಿಲ್ಲ. ಸಿದ್ಧಾಂತದ ಸಲುವಾಗಿ ವ್ಯಾಕರಣವನ್ನು ಶುದ್ಧೀಕರಿಸುವ ಯೋಜನೆಯೊಂದು ನಡೆದಿದ್ದರೆ ಅದು ಇಷ್ಟು ಅಪೂರ್ಣವಾಗಿ ಉಳಿಯುತ್ತಿರಲಿಲ್ಲ. ಕೂಫಾದವರೇ ಆದ ವೈಯಾಕರಣ ಫರ್ರಾ (ಮರಣ ಕ್ರಿ.ಶ. 822) ಎರಡು ರೂಪಗಳೂ ಸಾಧು ಎಂದಿದ್ದರು, 3:39ರ ಎರಡು ಪಾಠಗಳಿಂದ ಅರ್ಥದಲ್ಲಿ ಭೇದವಿಲ್ಲವೆಂದು ತಬರೀ ಹೇಳಿದರು.

ಸಂಸ್ಕೃತ ವ್ಯಾಕರಣವನ್ನು ಬಲ್ಲ ಕನ್ನಡದ ಓದುಗರಿಗೆ ಇದು ಅಪರಿಚಿತ ಸ್ಥಿತಿಯಲ್ಲ. ಅಗ್ನಿಯೂ ವರುಣನೂ ಸ್ತ್ರೀಲಿಂಗದ ‘ದೇವತಾ’ ಶಬ್ದದಿಂದ ವಾಚ್ಯರಾಗುತ್ತಾರೆ. ಪತ್ನಿಯನ್ನು ಹೇಳುವ ‘ದಾರ’ ಶಬ್ದ ಪುಲ್ಲಿಂಗ, ‘ಕಲತ್ರ’ ನಪುಂಸಕ. ಶಬ್ದಲಿಂಗವನ್ನು ವಸ್ತುಲಿಂಗವೆಂದು ಭ್ರಮಿಸಬಾರದೆಂಬುದು ಎರಡೂ ಪರಂಪರೆಗಳ ವೈಯಾಕರಣರು ಕಲಿಸಿದ ಪಾಠ.

ಪಾಠಭೇದವು ನಿಜಕ್ಕೂ ಅರ್ಥವನ್ನು ಮುಟ್ಟುವ ಕಡೆ ಬೇರೆಯಿದೆ. ಅದೇ 43:19ರಲ್ಲಿ ಮಲಕ್‌ಗಳನ್ನು ಕೆಲವು ಪಾಠಕರು ಪರಮದಯಾಮಯನ ‘ಇಬಾದ್’, ಎಂದರೆ ದಾಸರು, ಎಂದು ಓದಿದರೆ, ಮದೀನಾದ ನಾಫಿಅ್, ಮಕ್ಕಾದ ಇಬ್ನ್ ಕಸೀರ್, ದಮಾಸ್ಕಸ್ಸಿನ ಇಬ್ನ್ ಆಮಿರ್ ‘ಇಂದ’, ಎಂದರೆ ಅವನ ಸನ್ನಿಧಿಯಲ್ಲಿರುವವರು, ಎಂದು ಓದಿದರು. ಮೊದಲನೆಯದು ಅಧೀನತೆಯನ್ನೂ ಎರಡನೆಯದು ಸಾಮೀಪ್ಯವನ್ನೂ ಹೇಳುತ್ತದೆ. ಎರಡರಲ್ಲೂ ಸಂತಾನತ್ವಕ್ಕೆ ಎಡೆಯಿಲ್ಲ.

5. ಇಬ್ಲೀಸ್ ಮತ್ತು ವರ್ಜನೆಯ ಅನ್ವಯ

ಮಲಕ್‌ಗಳಿಗೆ ಆದಮನಿಗೆರಗಲು ಆಜ್ಞೆಯಾಯಿತು. ಇಬ್ಲೀಸನ ಹೊರತು ಎಲ್ಲರೂ ಎರಗಿದರು (2:34). ‘ಹೊರತು’ ಎಂಬ ಅರ್ಥದ ‘ಇಲ್ಲಾ’ ಅವ್ಯಯಕ್ಕೆ ಅರಬ್ಬೀ ವ್ಯಾಕರಣ ಎರಡು ಬಗೆಯ ಅನ್ವಯವನ್ನು ಒಪ್ಪುತ್ತದೆ. ವರ್ಜ್ಯವಾದದ್ದು ಸಮೂಹಕ್ಕೆ ಸೇರಿದ್ದರೆ ಅದು ಸಂಬದ್ಧ ವರ್ಜನೆ. ಸೇರಿರದಿದ್ದರೆ ಅಸಂಬದ್ಧ ವರ್ಜನೆ. ಎರಡನೆಯದಕ್ಕೆ ಪಾಠಶಾಲೆಗಳ ಉದಾಹರಣೆಯಲ್ಲಿ ಜನರೆಲ್ಲ ಎದ್ದುನಿಲ್ಲುತ್ತಾರೆ, ಕತ್ತೆಯೊಂದರ ಹೊರತು.

ಸಂಬದ್ಧವೆಂದರೆ ಇಬ್ಲೀಸನು ಮಲಕ್; ಆಗ ಮಲಕ್‌ಗಳು ಆಜ್ಞೆ ಮೀರಲಾರರೆಂಬ ನಿಲುವಿಗೆ ಸಮಾಧಾನ ಬೇಕಾಗುತ್ತದೆ. ಅಸಂಬದ್ಧವೆಂದರೆ ಅವನು ಬೇರೆ ಜಾತಿಯವನು. ಆಗ ಮಲಕ್‌ಗಳಿಗೆ ಕೊಟ್ಟ ಆಜ್ಞೆ ಅವನಿಗೇಕೆ ಅನ್ವಯಿಸಬೇಕೆಂಬ ಪ್ರಶ್ನೆ ಏಳುತ್ತದೆ. ಅವನು ಜಿನ್ನ್‌ಗಳಲ್ಲಿ ಒಬ್ಬನೆಂದು 18:50 ಹೇಳುತ್ತದೆ. ತಬರೀ ಅವನನ್ನು ಮಲಕ್‌ಗಳಲ್ಲೇ ಎಣಿಸಿದರು. ‘ಜಿನ್ನ್’ ಎಂಬುದು ಮಲಕ್‌ಗಳಲ್ಲೇ ಒಂದು ಪಂಗಡವೆಂಬ ವರದಿ ಅದಕ್ಕೆ ಒತ್ತಾಸೆಯಾಯಿತು. ಝಮಖ್ಶರೀ (ಮರಣ ಕ್ರಿ.ಶ. 1144) ಹೇಳಿದ ಪರಿಹಾರ ಸೂಕ್ಷ್ಮವಾದದ್ದು: ಸಹಸ್ರಾರು ಮಲಕ್‌ಗಳ ನಡುವೆ ಮುಳುಗಿಹೋಗಿದ್ದ ಒಬ್ಬ ಜಿನ್ನನಿಗೆ ಬಹುಸಂಖ್ಯಾತರ ಹೆಸರೇ ಅನ್ವಯಿಸಿತು, ಆದುದರಿಂದ ವರ್ಜನೆ ಸಂಬದ್ಧ; ಅಸಂಬದ್ಧವೆಂದು ಹಿಡಿಯಲೂ ಅಡ್ಡಿಯಿಲ್ಲ. ವ್ಯಾಕರಣವು ಇಲ್ಲಿ ಸಾಧ್ಯವಾದ ಅರ್ಥಗಳ ಪಟ್ಟಿಯನ್ನು ಒದಗಿಸುತ್ತದೆ; ಆಯ್ಕೆಗೆ ಆಧಾರ ಬೇರೆಡೆಯಿಂದ ಬರಬೇಕಾಗುತ್ತದೆ.

6. ಹೆಸರುಗಳ ಪುನರ್ವ್ಯುತ್ಪತ್ತಿ

‘ಜಿಬ್ರೀಲ್’ ಹೆಸರನ್ನು ಪಾಠಕರು ಜಿಬ್ರೀಲ್, ಜಬ್ರೀಲ್, ಜಬ್ರಈಲ್, ಜಬ್ರಇಲ್ ಎಂದು ನಾಲ್ಕು ಬಗೆಯಾಗಿ ಓದಿದ್ದಾರೆ. ‘ಮೀಕಾಲ್’ ಹೆಸರಿಗೆ ಮೀಕಾಇಲ್, ಮೀಕಾಈಲ್ ಎಂಬ ಪಾಠಗಳೂ ಇವೆ. ಎರವಲು ಬಂದ ಹೆಸರು ಅರಬ್ಬಿಯ ಪದಾಕೃತಿಗಳಿಗೆ ಒಗ್ಗುವ ಕಾಲದ ಅಸ್ಥಿರತೆ ಇದು.

ಹೀಬ್ರೂವಿನಲ್ಲಿ ‘ಗಬ್ರೀಏಲ್’ ಹೆಸರಿನ ಪೂರ್ವಪದ ಬಲವನ್ನು, ಪುರುಷತ್ವವನ್ನು ಸೂಚಿಸುತ್ತದೆ. ಇಬ್ನ್ ಅಬ್ಬಾಸ್, ಇಕ್ರಿಮಾ ಮೊದಲಾದವರ ಹೆಸರಿನಲ್ಲಿ ತಬರೀ ಸಂಗ್ರಹಿಸಿದ ವ್ಯಾಖ್ಯಾನಗಳು ಬೇರೆಯಾಗಿ ಹೇಳುತ್ತವೆ: ‘ಜಬ್ರ್’ ಎಂದರೆ ದಾಸ, ‘ಈಲ್’ ಎಂದರೆ ದೇವರು, ಒಟ್ಟಿನಲ್ಲಿ ‘ಅಬ್ದುಲ್ಲಾಹ್’ ಎಂಬುದಕ್ಕೆ ಸಮಾನ. ಐತಿಹಾಸಿಕವಾಗಿ ಈ ವ್ಯುತ್ಪತ್ತಿ ನಿಲ್ಲಲಾರದು. ಆದರೆ ಮಲಕ್ ಎಂದರೆ ಏನು ಎಂಬ ಆ ಕಾಲದ ಗ್ರಹಿಕೆಗೆ ಇದು ಉತ್ತಮ ಸಾಕ್ಷಿ. ದೈವಾಂಶವಿಲ್ಲದ, ಸ್ವತಂತ್ರ ಶಕ್ತಿಯಿಲ್ಲದ, ಮಾತಿನಲ್ಲಿ ದೇವರನ್ನು ಮುಂಚದ ಗೌರವಾನ್ವಿತ ದಾಸರು ಎಂಬ 21:26–27ರ ಚಿತ್ರವನ್ನು ವ್ಯಾಖ್ಯಾನಕಾರರು ಹೆಸರಿನೊಳಗೇ ಓದಿದರು. ಇಲ್ಲಿ ವ್ಯುತ್ಪತ್ತಿಯಿಂದ ವಿಶ್ವಾಸ ಹುಟ್ಟಲಿಲ್ಲ. ವಿಶ್ವಾಸವೇ ವ್ಯುತ್ಪತ್ತಿಯನ್ನು ಒದಗಿಸಿತು.

7. ಅನ್ಯಭಾಷೆಗಳಲ್ಲಿ

ಇಸ್ಲಾಂ ಹರಡಿದ ಭಾಷೆಗಳು ಈ ಪದವನ್ನು ಎರಡು ರೀತಿಯಲ್ಲಿ ಎದುರುಗೊಂಡವು. ಮೊದಲನೆಯದು ಎರವಲು. ಸ್ವಾಹಿಲಿ, ಹೌಸಾ, ಮಲಯ ಭಾಷೆಗಳು ಅರಬ್ಬೀ ಬಹುವಚನವನ್ನೇ ಏಕವಚನವಾಗಿ ತೆಗೆದುಕೊಂಡವು. ಸ್ವಾಹಿಲಿಯ ‘ಮಲಾಇಕಾ’ ಎರಡು ವಚನಗಳಲ್ಲೂ ಒಂದೇ. ಸಂಖ್ಯೆಯನ್ನು ಸಚೇತನವರ್ಗದ ಕ್ರಿಯಾಪೂರ್ವಪ್ರತ್ಯಯ ತಿಳಿಸುತ್ತದೆ. ಹೌಸಾ ಹೊಸದಾಗಿ ‘ಮಲಾಇಕು’ ಎಂಬ ಬಹುವಚನವನ್ನು ರಚಿಸಿಕೊಂಡಿತು. ಮಲಕ್‌ಗಳು ಸಮೂಹವಾಗಿಯೇ ಹೆಚ್ಚಾಗಿ ಉಲ್ಲೇಖಗೊಳ್ಳುವುದು ಇದಕ್ಕೆ ಕಾರಣವಾಗಿರಬಹುದು. ತುರ್ಕಿಯಾದರೋ ‘ಮೆಲೆಕ್’ ಎಂಬ ಏಕವಚನವನ್ನೇ ಆಧಾರವಾಗಿಟ್ಟುಕೊಂಡಿತು.

ಎರಡನೆಯದು ಪರ್ಯಾಯ. ಪಾರಸಿಯ ‘ಫಿರಿಶ್ತಾ’ ಮಧ್ಯಪಾರಸಿಯ ‘ಫ್ರೇಸ್ತಗ್’ ಪದದಿಂದ ಬಂದದ್ದು, ಮೂಲಾರ್ಥ ‘ಕಳುಹಿಸಲ್ಪಟ್ಟವನು’. ಸಂಸ್ಕೃತದ ‘ಪ್ರೇಷಿತ’ ಇದರ ಜ್ಞಾತಿಪದ. ಇರಾನಿನ ಭಾಷೆ ತನ್ನ ಹಳೆಯ ಪದಕ್ಕೆ ಹೊಸ ವಿಶ್ವಾಸವನ್ನು ತುಂಬಿತು. ಪಾರಸಿಯಲ್ಲಿ ವ್ಯಾಕರಣಲಿಂಗವೇ ಇಲ್ಲದ ಕಾರಣ ನಹ್ಹಾಸ್ ಎದುರಿಸಿದ ಪ್ರಶ್ನೆಯನ್ನು ಆ ಭಾಷೆಯ ಕ್ರಿಯಾಪದದಲ್ಲಿ ಕೇಳಲೂ ಬರುವುದಿಲ್ಲ. ದಖ್ಖನಿನಲ್ಲಿ ಈ ಪದ ಎಷ್ಟು ನೆಲೆಗೊಂಡಿತ್ತೆಂಬುದಕ್ಕೆ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಇತಿಹಾಸ ಬರೆದ ಮುಹಮ್ಮದ್ ಖಾಸಿಮನ ಅಂಕಿತವೇ ನಿದರ್ಶನ. ಅವನು ‘ಫಿರಿಶ್ತಾ’ ಎಂದೇ ಪ್ರಸಿದ್ಧ. ಉರ್ದುವಿನಲ್ಲಿ ಮಾತ್ರ ಅದೇ ಪದವು ಲಿಂಗವ್ಯವಸ್ಥೆಗೆ ಸಿಕ್ಕಿ ಪುಲ್ಲಿಂಗವಾಗುತ್ತದೆ.

ಕನ್ನಡದ ಇಸ್ಲಾಮೀ ಬರಹಗಳಲ್ಲಿ ‘ಮಲಕ್’ ಎಂಬ ಎರವಲೂ ‘ದೇವಚರ’ ಎಂಬ ರಚನೆಯೂ ಬಳಕೆಯಲ್ಲಿವೆ. ಕ್ರೈಸ್ತ ಬರಹದಲ್ಲಿ ನೆಲೆಗೊಂಡ ಪದ ‘ದೇವದೂತ’. ಕನ್ನಡದ ಲಿಂಗವ್ಯವಸ್ಥೆ ಅರ್ಥಾನುಸಾರಿ. ಆದುದರಿಂದ ಅರಬ್ಬಿಯಲ್ಲಿ ಕೇವಲ ರೂಪಗತವಾಗಿದ್ದ ಆಯ್ಕೆ ಇಲ್ಲಿ ಅರ್ಥಗತವಾಗುತ್ತದೆ. ಏಕವಚನದಲ್ಲಿ ‘ಬಂದನು’, ‘ಬಂದಳು’, ‘ಬಂದಿತು’ ಈ ಮೂರರಲ್ಲಿ ಯಾವುದನ್ನು ಬಳಸಿದರೂ ಅದು ಮಲಕ್‌ನ ಸ್ವರೂಪದ ಬಗೆಗಿನ ಹೇಳಿಕೆಯಾಗಿಬಿಡುತ್ತದೆ. ಬಹುವಚನದಲ್ಲಿ ಸ್ಥಿತಿ ಬೇರೆ. ‘-ಗಳು’ ಪ್ರತ್ಯಯ ‘ಪ್ರವಾದಿಗಳು’, ‘ಮರಗಳು’ ಎರಡಕ್ಕೂ ಸಲ್ಲುವುದರಿಂದ ನಿರ್ಣಯವೆಲ್ಲ ಕ್ರಿಯಾಪದಕ್ಕೆ ಸೇರುತ್ತದೆ. ‘ಮಲಕ್‌ಗಳು ಎರಗಿದರು’ ಎಂದಾಗ ವಿವೇಕಶಕ್ತಿಯುಳ್ಳ ಜೀವಿಗಳೆಂಬುದು ತಿಳಿಯುತ್ತದೆ. ಗಂಡೋ ಹೆಣ್ಣೋ ಎಂಬುದು ತಿಳಿಯುವುದಿಲ್ಲ. ಅರಬ್ಬೀ ವ್ಯಾಖ್ಯಾನಕಾರರು ವಾದದ ಮೂಲಕ ಪಡೆಯಬೇಕಾಗಿದ್ದ ತಾಟಸ್ಥ್ಯವನ್ನು ಕನ್ನಡದ ಬಹುವಚನ ಸಹಜವಾಗಿ ಕೊಡುತ್ತದೆ. ಜಿಬ್ರೀಲರ ವಿಷಯದಲ್ಲಿ ಗೌರವಾರ್ಥಕ ‘ಬಂದರು’ ಎಂಬ ರೂಪವೂ ಇದೇ ಆಶ್ರಯವನ್ನು ಒದಗಿಸಬಲ್ಲದು.

8. ಸಮಾರೋಪ

ಮೇಲಿನ ಪ್ರಕರಣಗಳನ್ನು ಒಟ್ಟಾಗಿ ನೋಡಿದಾಗ, ವ್ಯಾಕರಣಕ್ಕೂ ವಿಶ್ವಾಸಕ್ಕೂ ಇರುವ ಸಂಬಂಧ ಏಕಮುಖವಲ್ಲವೆಂಬುದು ಕಾಣುತ್ತದೆ. ‘ದೂತ’ ಎಂಬ ಧಾತ್ವರ್ಥ ಮಲಕ್‌ಗಳ ಬಹುಪಾಲು ಕಾರ್ಯಗಳನ್ನು ವಿವರಿಸದು. ಸ್ತ್ರೀಲಿಂಗಪ್ರತ್ಯಯ ಅವರನ್ನು ಸ್ತ್ರೀಯರನ್ನಾಗಿ ಮಾಡದು. ಪುಲ್ಲಿಂಗಪಾಠ ಆ ನಂಬಿಕೆಯನ್ನು ಖಂಡಿಸದು. ಹಾಗೆಂದು ವ್ಯಾಕರಣ ನಿರರ್ಥಕವೂ ಅಲ್ಲ. ಯಾವ ಅರ್ಥಗಳು ಸಾಧ್ಯ, ಯಾವುವು ಅಸಾಧ್ಯ ಎಂಬ ಎಲ್ಲೆಯನ್ನು ಹಾಕಿಕೊಟ್ಟದ್ದು ಅದೇ. ಸಂಶೋಧಕರು ಪದಗಳ ಲಿಂಗ, ವಚನ, ವ್ಯುತ್ಪತ್ತಿಗಳಿಂದ ಒಂದು ಸಮುದಾಯದ ಲೋಕದೃಷ್ಟಿಯನ್ನು ನಿರೂಪಿಸಲು ಹೊರಟಾಗ, ನಹ್ಹಾಸರು ಹತ್ತನೆಯ ಶತಮಾನದಲ್ಲೇ ಒಡ್ಡಿದ ಪರೀಕ್ಷೆಯನ್ನು ತಮ್ಮ ಸಾಮಗ್ರಿಗೂ ಒಡ್ಡಿಕೊಳ್ಳಬೇಕು: ಅದೇ ರೂಪ ಅದೇ ಭಾಷೆಯಲ್ಲಿ ಬೇರೆಲ್ಲಿ ಬಳಕೆಯಾಗುತ್ತದೆ, ಮತ್ತು ಅದೇ ಪ್ರಮಾಣವನ್ನು ಪ್ರತಿಪಕ್ಷದವರು ಹಿಡಿದರೆ ಅದು ಯಾರ ಕಡೆಗೆ ವಾಲುತ್ತದೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ರೂಪದಿಂದ ನಂಬಿಕೆಗೆ ದಾಟುವುದು ಉಚಿತ.